ಮೈಯಿಂದ ಹೊರಟ ಹಸುಗಳು: ಯುರೋಪು ತನ್ನ ಮಾರಿಗಳನ್ನು ಗೇಲಿ ಮಾಡಿದ ಬಗೆ

ಚಿತ್ರದ ನಟ್ಟನಡುವೆ ಒಬ್ಬ ಹೆಂಗಸು ಕುರ್ಚಿಯಲ್ಲಿ ಕೂತಿದ್ದಾಳೆ, ಮುಖದಲ್ಲಿ ದಿಗಿಲು. ವೈದ್ಯನೊಬ್ಬ ಅವಳ ತೋಳು ಹಿಡಿದು ಸಣ್ಣ ಚಾಕುವಿನಿಂದ ಗೀರುತ್ತಿದ್ದಾನೆ. ಪಕ್ಕದಲ್ಲಿ ಅನಾಥಶಾಲೆಯ ಹುಡುಗನಂತೆ ಕಾಣುವ ಪೋರನೊಬ್ಬ ಮರದ ಪಾತ್ರೆ ಹಿಡಿದು ನಿಂತಿದ್ದಾನೆ. ಪಾತ್ರೆಯ ಮೇಲೆ ಬರೆದಿರುವುದು: 'ಸಿಡುಬಿನ ರಸ, ಹಸುವಿನಿಂದ ಬಿಸಿಬಿಸಿಯಾಗಿ'. ಎಡಗಡೆ ಬಾಗಿಲಲ್ಲಿ ಬಡವರ ಸಾಲು ನೂಕಾಡುತ್ತಿದೆ. ಬಲಗಡೆಗೆ ಕಣ್ಣು ಹಾಯಿಸಿದರೆ ಆಗಲೇ ಚುಚ್ಚಿಸಿಕೊಂಡವರ ಪಾಡು ಕಾಣುತ್ತದೆ. ಒಬ್ಬನ ಹಣೆಯಿಂದ ಪುಟ್ಟ ಹಸು ತಲೆ ಹೊರಹಾಕಿದೆ, ಇನ್ನೊಬ್ಬನ ತೋಳು ಬಿರಿದು ಒಂದು ಹೊರಬಿದ್ದಿದೆ. ಒಬ್ಬ ಬಸುರಿಯ ಬಾಯಿಂದ ಒಂದು ಹಸು, ಲಂಗದ ಕೆಳಗಿಂದ ಇನ್ನೊಂದು. ಹಿಂದಿನ ಗೋಡೆಗೆ ತೂಗುಹಾಕಿದ ಪಟದಲ್ಲಿ ಜನ ಚಿನ್ನದ ಕರುವಿಗೆ ಅಡ್ಡಬಿದ್ದಿದ್ದಾರೆ. ಬೈಬಲ್ಲಿನಲ್ಲಿ ಮೋಸೆಸ್ ಬೆಟ್ಟ ಹತ್ತಿ ಹೋಗಿದ್ದಾಗ ಅವನ ಜನ ದೇವರನ್ನು ಮರೆತು ಪೂಜಿಸಿದ ಕರು ಅದು.

ಇದನ್ನು ಬರೆದವನು ಜೇಮ್ಸ್ ಗಿಲ್‌ರೇ. ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿದ್ದ ಹಾನಾ ಹಂಫ್ರಿಯ ಅಚ್ಚುಚಿತ್ರಗಳ ಅಂಗಡಿಯಿಂದ 1802ರ ಜೂನ್ 12ರಂದು ಹೊರಬಿತ್ತು. ಗಿಲ್‌ರೇ ಅದೇ ಅಂಗಡಿಯ ಮಹಡಿಯ ಮೇಲೆ ವಾಸವಾಗಿದ್ದ. ಚಾಕು ಹಿಡಿದ ವೈದ್ಯ ಎಡ್ವರ್ಡ್ ಜೆನ್ನರ್. ದನದ ಕೆಚ್ಚಲಿಗೆ ಬರುವ ಸೌಮ್ಯವಾದ ಸಿಡುಬನ್ನು ಮನುಷ್ಯರಿಗೆ ಅಂಟಿಸಿದರೆ ನಿಜವಾದ ಸಿಡುಬು ಹತ್ತಿರ ಸುಳಿಯುವುದಿಲ್ಲ ಎಂದು 1798ರಲ್ಲಿ ಪುಸ್ತಕ ಬರೆದು ತೋರಿಸಿದವನು. ಹಸುವಿಗೆ ಲ್ಯಾಟಿನ್ನಿನಲ್ಲಿ 'ವಾಕಾ', ಅದರಿಂದಲೇ 'ವ್ಯಾಕ್ಸಿನ್' ಎಂಬ ಪದ ಬಂತು.

ಈ ಒಂದು ಚಿತ್ರವನ್ನು ಸರಿಯಾಗಿ ಓದುವುದು ಕಲಿತರೆ ಯುರೋಪಿನ ಸಾಂಕ್ರಾಮಿಕ ರೋಗಗಳ ಕುರಿತ ವ್ಯಂಗ್ಯಚಿತ್ರಗಳಲ್ಲಿ ಹೆಚ್ಚಿನವನ್ನು ಓದಬಹುದು ಎಂಬುದು ನನ್ನ ಅನಿಸಿಕೆ. ಯಾಕೆಂದರೆ ಇಲ್ಲಿ ಯಾರೂ ಸಿಡುಬನ್ನು ನೋಡಿ ನಗುತ್ತಿಲ್ಲ. ನೂರಾರು ವರ್ಷಗಳ ಇಂಥ ಚಿತ್ರಗಳನ್ನು ಸಾಲಾಗಿಟ್ಟು ನೋಡಿ, ರೋಗವನ್ನೇ ನೋಡಿ ನಕ್ಕದ್ದು ಅಪರೂಪ. ನಗೆ ಯಾವಾಗಲೂ ರೋಗದ ಪಕ್ಕದಲ್ಲಿ ನಿಂತವನ ಮೇಲೆ: ವೈದ್ಯ, ಔಷಧ ಮಾರುವವನು, ನೀರಿನ ಕಂಪನಿ, ಸರಕಾರಿ ಮಂಡಳಿ, ಕೆಲವು ಸಲ ರೋಗಿಯೇ. ಯಾವ ಕಾಲದಲ್ಲಿ ಯಾರು ಆ ಜಾಗದಲ್ಲಿ ನಿಂತಿದ್ದರು ಎನ್ನುವುದೇ ಇದರ ಕಥೆ.

ಮೊದಲು ಗಿಲ್‌ರೇಯ ಹಸುಗಳನ್ನೇ ಮುಗಿಸೋಣ. ಚಿತ್ರ ಬರುವ ಹತ್ತೇ ದಿನ ಮೊದಲು, ಜೂನ್ 2ರಂದು, ಇಂಗ್ಲೆಂಡಿನ ಪಾರ್ಲಿಮೆಂಟು ಜೆನ್ನರನಿಗೆ 10,000 ಪೌಂಡ್ ಇನಾಮು ಮಂಜೂರು ಮಾಡಿತ್ತು. ಊರೆಲ್ಲ ಅದೇ ಮಾತು. ವಿರೋಧಿಗಳೂ ಸುಮ್ಮನಿರಲಿಲ್ಲ. ದನದ ರೋಗ ಮೈಗೆ ಸೇರಿದರೆ ಮನುಷ್ಯನ ಮನಸ್ಸು ಏನಾದೀತೋ ಎಂದು ಬೆಂಜಮಿನ್ ಮೋಸ್ಲಿ ಎಂಬ ವೈದ್ಯ ಹೆದರಿಸುತ್ತಿದ್ದ. ಮುಂದೆ 1805ರಲ್ಲಿ ವಿಲಿಯಂ ರೌಲಿ ಎಂಬ ಇನ್ನೊಬ್ಬ ವೈದ್ಯ, ಲಸಿಕೆಯಿಂದ 'ಎತ್ತಿನ ಮುಖ' ಬಂದ ಹುಡುಗ ಎಂದು ಬಣ್ಣದ ಚಿತ್ರವನ್ನೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಇವರ ಮಾತನ್ನು ಅಕ್ಷರಶಃ ನಿಜ ಮಾಡಿ ತೋರಿಸಿದರೆ ಹೇಗಿರುತ್ತದೋ ಗಿಲ್‌ರೇಯ ಚಿತ್ರ ಹಾಗಿದೆ.

ಹಾಗಾದರೆ ಗಿಲ್‌ರೇ ಲಸಿಕೆಯ ವಿರೋಧಿಯೇ? ಮೊದಲ ನೋಟಕ್ಕೆ ಹೌದು ಅನಿಸುತ್ತದೆ. ಆದರೆ ಚಿತ್ರದ ಅಡಿಯಲ್ಲಿ ಸಣ್ಣದಾಗಿ ಒಂದು ಸಾಲಿದೆ: 'ಲಸಿಕೆ-ವಿರೋಧಿ ಸಂಘದ ಪ್ರಕಟಣೆಗಳನ್ನು ನೋಡಿ'. ಅದನ್ನು ಓದಿದ ಮೇಲೆ ಚಿತ್ರ ಮಗುಚಿ ಬೀಳುತ್ತದೆ. 'ಇವರು ಹೇಳುವುದು ಇದನ್ನೇ ತಾನೆ, ತಗೊಳ್ಳಿ, ನೋಡಿ' ಎಂದು ಅವನು ವಿರೋಧಿಗಳನ್ನೇ ಆಡಿಕೊಳ್ಳುತ್ತಿರಲೂಬಹುದು. ಇತ್ತ ಜೆನ್ನರನ ಹಮ್ಮು, ಅತ್ತ ಮೋಸ್ಲಿಯ ಭ್ರಮೆ, ಎರಡಕ್ಕೂ ಒಂದೇ ಕಲ್ಲು. ಕೋವಿಡ್ ಕಾಲದಲ್ಲಿ ಈ ಚಿತ್ರ ಮತ್ತೆ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ನನಗೆ ಬಂದ ಪ್ರತಿಯಲ್ಲಿ ಆ ಅಡಿಸಾಲನ್ನು ಯಾರೋ ಕತ್ತರಿಸಿ ಹಾಕಿದ್ದರು. ಗೇಲಿಗೂ ಬೆದರಿಕೆಗೂ ನಡುವೆ ಇದ್ದದ್ದು ಅದೊಂದೇ ಸಾಲು.

ಅದೇ ವಾರ ಇತ್ತ ಭಾರತದಲ್ಲಿ ಏನಾಯಿತು ಗೊತ್ತೇ? ಗಿಲ್‌ರೇಯ ಚಿತ್ರ ಅಂಗಡಿಯ ಕಿಟಕಿಗೆ ಬಂದ ಎರಡೇ ದಿನಕ್ಕೆ, ಜೂನ್ 14ರಂದು, ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಲಸಿಕೆ ಹಾಕಿದರು. ಅದು ಈ ನೆಲದ ಮೊದಲ ಲಸಿಕೆ. ವಿಯೆನ್ನಾದಿಂದ ಹೊರಟ ರಸ ಬಾಗ್ದಾದ್, ಬಸ್ರಾ ದಾಟಿ, ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತ ಬಂದು ಮುಟ್ಟಿತ್ತು. ಮೂರು ವರ್ಷ ಕಳೆದು 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ಎಳೆಯ ರಾಣಿಯರು, ನಡುವೆ ಅಜ್ಜಿ ಲಕ್ಷ್ಮಮ್ಮಣ್ಣಿ. ಇಬ್ಬರು ರಾಣಿಯರ ಹೆಸರೂ ದೇವಾಜಮ್ಮಣ್ಣಿ. ಕಿರಿಯಳು ಸೆರಗು ಸರಿಸಿ ತೋಳು ತೋರುತ್ತಿರುವುದು ಲಸಿಕೆಯ ಜಾಗವನ್ನು ತೋರಿಸಲಿಕ್ಕೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸುತ್ತಾರೆ. ಆ ವಾದ ಸರಿಯಾಗಿದ್ದರೆ, ಲಂಡನ್ನಿನಲ್ಲಿ ತೋಳು ಗೀರುವುದು ತಮಾಷೆಯ ವಸ್ತುವಾಗಿದ್ದ ಹೊತ್ತಿಗೇ ಮೈಸೂರಿನಲ್ಲಿ ಅದು ರಾಣಿಯರು ಪ್ರಜೆಗಳಿಗೆ ತೋರಿಸಿಕೊಳ್ಳುವ ಮೇಲ್ಪಂಕ್ತಿಯಾಗಿತ್ತು. ಹಸುವಿನ ವಿಷಯದಲ್ಲೂ ಹಾಗೆಯೇ. ಅಲ್ಲಿ ಹಸುವಿನ ರಸವೆಂದರೆ ಮನುಷ್ಯ ಪಶುವಾಗುವ ಭಯ. ಇಲ್ಲಿ ಮದರಾಸಿನ ಇಂಗ್ಲಿಷ್ ಅಧಿಕಾರಿ ಎಲ್ಲಿಸ್, ಧನ್ವಂತರಿಗೂ ದೇವಿಗೂ ನಡೆದ ಸಂವಾದವೆಂಬಂತೆ ತಮಿಳಿನಲ್ಲಿ ಒಂದು ಕಥೆ ಕಟ್ಟಿ, ಗೋಮಾತೆಯ ವರವೆಂದೇ ಲಸಿಕೆಯನ್ನು ಜನರಿಗೆ ಒಪ್ಪಿಸಲು ನೋಡಿದ.

ಲಂಡನ್ನಿನ ನಗೆಯೂ ಕ್ರಮೇಣ ಪಕ್ಷ ಬದಲಿಸಿತು. 1808ರಲ್ಲಿ ಐಸಾಕ್ ಕ್ರೂಕ್‌ಶ್ಯಾಂಕ್ ಬರೆದ ಚಿತ್ರದಲ್ಲಿ ಓಡುತ್ತಿರುವವರು ಮನುಷ್ಯರ ಸಿಡುಬಿನ ಕೀವನ್ನೇ ಚುಚ್ಚುತ್ತಿದ್ದ ಹಳೆಯ ಪದ್ಧತಿಯ ವೈದ್ಯರು. ಕೈಯಲ್ಲಿ ರಕ್ತ ತೊಟ್ಟಿಕ್ಕುವ ದೊಡ್ಡ ಚಾಕುಗಳು, ಕಾಲಡಿ ಸತ್ತ ಕೂಸುಗಳು. ಜೆನ್ನರನ ತಲೆಗೆ ದೇವಕಿನ್ನರ ಹಾರ ಹಾಕುತ್ತಿದ್ದಾನೆ. ಒಳ್ಳೆಯ ಉದ್ದೇಶ, ಆದರೆ ಚಿತ್ರ ಗಿಲ್‌ರೇಯದರ ಕಾಲುಭಾಗವೂ ಮಜವಾಗಿಲ್ಲ. ಹೊಗಳಿಕೆ ವ್ಯಂಗ್ಯಚಿತ್ರಕ್ಕೆ ಒಗ್ಗದ ಅಡುಗೆ.

ಈಗ ಹಿಂದಕ್ಕೆ ಹೋಗಬೇಕು. ಪ್ಲೇಗಿನ ಕಾಲದ ಯುರೋಪಿನಲ್ಲಿ ನಗುವ ಪಾತ್ರ ಒಂದೇ, ಅದು ಸಾವು. ಹಾನ್ಸ್ ಹೋಲ್ಬೈನ್ ಬರೆದು 1538ರಲ್ಲಿ ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ ಅಚ್ಚಾದ 'ಸಾವಿನ ಕುಣಿತ'ದ ಮರದಚ್ಚಿನ ಚಿತ್ರಗಳಲ್ಲಿ ಅಸ್ಥಿಪಂಜರ ಪೋಪನನ್ನೂ ರಾಜನನ್ನೂ ಉಳುವವನನ್ನೂ ಒಂದೇ ಸಮ ಎಳೆದೊಯ್ಯುತ್ತದೆ. ವೈದ್ಯನ ಪುಟ ನನಗೆ ಇಷ್ಟ. ಸಾವು ತಾನೇ ಒಬ್ಬ ಮುದಿ ರೋಗಿಯ ಕೈಹಿಡಿದು ಕರೆತಂದು, ಅವನ ಉಚ್ಚೆಯ ಸೀಸೆಯನ್ನು ವೈದ್ಯನತ್ತ ಚಾಚುತ್ತಿದೆ. ಆಗ ಮೂತ್ರದ ಬಣ್ಣ ನೋಡಿ ರೋಗ ಹೇಳುವುದೇ ವೈದ್ಯರ ದೊಡ್ಡ ವಿದ್ಯೆ. 'ನೋಡಪ್ಪ, ಪರೀಕ್ಷೆ ಮಾಡು' ಎಂದು ಸಾವೇ ಕೇಳಿದರೆ ಆತ ಏನು ಹೇಳಿಯಾನು?

ಈ ಗೇಲಿ ಸಾವಿನಿಂದ ವೈದ್ಯನ ಕಡೆಗೆ ಹೊರಳಿದ್ದು ಕಾಣಬೇಕಾದರೆ ಇಂದು ಎಲ್ಲರಿಗೂ ಗೊತ್ತಿರುವ ಒಂದು ಚಿತ್ರ ನೋಡಬೇಕು: ಹಕ್ಕಿಯ ಕೊಕ್ಕಿನ ಮುಖವಾಡ, ಕಪ್ಪು ನಿಲುವಂಗಿ, ಅಗಲ ಟೋಪಿ ತೊಟ್ಟ ಪ್ಲೇಗ್ ವೈದ್ಯ. ಅದನ್ನು ಮಧ್ಯಯುಗದ ದಾಖಲೆಚಿತ್ರವೆಂಬಂತೆ ಎಲ್ಲೆಂದರಲ್ಲಿ ಹಾಕುತ್ತಾರೆ. ಅದು ಮಧ್ಯಯುಗದ್ದೂ ಅಲ್ಲ, ಬರೀ ದಾಖಲೆಯೂ ಅಲ್ಲ. ರೋಮಿನಲ್ಲಿ ಪ್ಲೇಗು ಬಂದ 1656ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಪಾವುಲ್ ಫ್ಯೂರ್ಸ್ಟ್ ಮಾರಿದ ಬಿಡಿಹಾಳೆ ಅದು. ಹೆಸರು 'ರೋಮಿನ ಡಾಕ್ಟರ್ ಕೊಕ್ಕು'. ಅದರ ಕೈಗವಸು ಹದ್ದಿನ ಉಗುರಿನಂತಿದೆ, ಕೋಲಿನ ತುದಿಗೆ ರೆಕ್ಕೆ ಬಂದ ಮರಳುಗಡಿಯಾರ. ಹಿಂದೆ ದೂರದಲ್ಲಿ ಮಕ್ಕಳು ಅವನನ್ನು ಕಂಡು ಓಟ ಕಿತ್ತಿದ್ದಾರೆ.

ಅಕ್ಕಪಕ್ಕದಲ್ಲಿ ಒಂದು ಪದ್ಯ ಇದೆ. ಭಾಷೆ ಅರ್ಧ ಲ್ಯಾಟಿನ್, ಅರ್ಧ ಜರ್ಮನ್. ನಮ್ಮಲ್ಲಿ ನಾಟಕದ ಹಾಸ್ಯಪಾತ್ರ ಸಂಸ್ಕೃತ ಬೆರೆಸಿ ಮಾತಾಡಿ ಪುರೋಹಿತರನ್ನು ಅಣಕಿಸುವಂತೆ, ವೈದ್ಯರ ಪಂಡಿತಭಾಷೆಯನ್ನು ಅಣಕಿಸುವ ದಾರಿ ಅದು. ಪದ್ಯದ ಸಾರ ಹೀಗೆ: ಈತ ಅಂಟುರೋಗದಿಂದ ಓಡುತ್ತಾನೆ, ಕೂಲಿಯನ್ನು ಮಾತ್ರ ಎಣಿಸಿಕೊಳ್ಳುತ್ತಾನೆ. ತಿಪ್ಪೆಯ ಮೇಲಿನ ಕಾಗೆಯಂತೆ ಹೆಣ ಹುಡುಕುತ್ತಾನೆ. ಹಣದ ಚೀಲವೇ ಇವನ ನರಕ, ಚಿನ್ನವೇ ಇವನು ಹೊತ್ತೊಯ್ಯುವ ಆತ್ಮ. ಕೊಕ್ಕಿನೊಳಗೆ ಸುವಾಸನೆಯ ಗಿಡಮೂಲಿಕೆ ತುಂಬಿಕೊಂಡರೆ ಕೆಟ್ಟ ಗಾಳಿ ತಾಗುವುದಿಲ್ಲ ಎಂಬ ನಂಬಿಕೆಯಿಂದ ಅಂಥ ದಿರಿಸು ಬಂದದ್ದು ನಿಜ. ಆದರೆ ಈ ಹಾಳೆ ಕೊಂಡವರು ಅದನ್ನು ವೈದ್ಯಕೀಯ ಮಾಹಿತಿಗಾಗಿ ಕೊಳ್ಳಲಿಲ್ಲ, ಸುಲಿಗೆಯ ಡಾಕ್ಟರನ್ನು ಬಯ್ಯುವ ಖುಷಿಗೆ ಕೊಂಡರು.

ಚಿತ್ರಗಳಾಚೆಯೂ ಕಪ್ಪು ಹಾಸ್ಯ ಇತ್ತು. 1665ರ ಲಂಡನ್ ಪ್ಲೇಗಿನ ನಡುವೆ, ಸೆಪ್ಟೆಂಬರ್ 3ರಂದು, ನೌಕಾ ಕಚೇರಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಯೋಚಿಸಿದ್ದು ವಿಗ್ಗಿನ ಬಗ್ಗೆ. ಈ ಪ್ಲೇಗು ಮುಗಿದ ಮೇಲೆ ವಿಗ್ಗಿನ ಫ್ಯಾಷನ್ ಏನಾಗುತ್ತದೋ, ಪ್ಲೇಗಿನಲ್ಲಿ ಸತ್ತವರ ತಲೆಗೂದಲಿರಬಹುದು ಎಂಬ ಹೆದರಿಕೆಯಲ್ಲಿ ಯಾರು ತಾನೇ ಕೂದಲು ಕೊಂಡಾರು ಎಂದು. ಹೊಸ ವಿಗ್ಗು ಕೊಂಡು ಹಾಕಿಕೊಳ್ಳಲು ಹೆದರಿ ಇಟ್ಟುಕೊಂಡಿದ್ದವನ ಪ್ರಶ್ನೆ ಅದು.

ಹತ್ತೊಂಬತ್ತನೇ ಶತಮಾನಕ್ಕೆ ಕಾಲರಾ ಬಂತು. 1817ರಲ್ಲಿ ಬಂಗಾಳದಿಂದ ಹೊರಟ ರೋಗ ರಷ್ಯಾ, ಪೋಲೆಂಡ್ ದಾಟಿ 1831ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಬಂದರಿಗೆ ಇಳಿಯಿತು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಹೆಣ. ವಾಂತಿ ಭೇದಿಯಲ್ಲಿ ಮೈಯ ನೀರೆಲ್ಲ ಹೋಗಿ ರಕ್ತ ಮಂದವಾಗಿ ಮುಖ ನೀಲಿಗಟ್ಟುತ್ತದೆ. ಈ ನೀಲಿಯನ್ನು ನೆನಪಿಡಿ.

1832ರ ಮಾರ್ಚ್ 29. ಪ್ಯಾರಿಸ್ಸಿನಲ್ಲಿ ಕಾರ್ನಿವಲ್ಲಿನ ಕೊನೆಯ ವೇಷದ ಹಬ್ಬ. ಕಾಲರಾ ಊರಿಗೆ ಕಾಲಿಟ್ಟ ಸುದ್ದಿ ಬಂದಿದೆ. ಬಿಸಿಲು ಚೆನ್ನಾಗಿದೆ, ಜನ ಬೀದಿ ತುಂಬಿದ್ದಾರೆ, ಕೆಲವರು ಕಾಲರಾವನ್ನೇ ಅಣಕಿಸುವ ಮುಖವಾಡ ತೊಟ್ಟಿದ್ದಾರೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ. ಅಲ್ಲೇ ಇದ್ದ ಜರ್ಮನ್ ಕವಿ ಹೈನ್ರಿಶ್ ಹೈನೆ ಪತ್ರಿಕೆಗೆ ಬರೆದು ಕಳಿಸಿದ ವರದಿಯ ಪ್ರಕಾರ, ಆ ರಾತ್ರಿ ಕುಣಿತದ ಮನೆಗಳಲ್ಲಿ ಎಂದಿಗಿಂತ ಹೆಚ್ಚು ಜನ. ಎಲ್ಲರಿಗಿಂತ ಹೆಚ್ಚು ಕುಣಿಯುತ್ತಿದ್ದ ವಿದೂಷಕ ವೇಷದವನಿಗೆ ಇದ್ದಕ್ಕಿದ್ದಂತೆ ಕಾಲು ತಣ್ಣಗಾದವು. ಮುಖವಾಡ ತೆಗೆದ. ಕೆಳಗಿದ್ದ ಮುಖ ನೇರಳೆ ನೀಲಿ. ಮೊದಲು ಅದನ್ನೂ ವೇಷವೆಂದು ತಿಳಿದವರ ನಗು ಅಲ್ಲಿಗೇ ಸತ್ತಿತು. ವೇಷಧಾರಿಗಳನ್ನು ಗಾಡಿಗಳಲ್ಲಿ ಆಸ್ಪತ್ರೆಗೆ ಸಾಗಿಸಿದರು, ಎಷ್ಟೋ ಜನ ಅಲ್ಲೇ ಸತ್ತರು. ಬಟ್ಟೆ ಬದಲಿಸುವ ಪುರುಸೊತ್ತೂ ಇಲ್ಲದೆ ಹಬ್ಬದ ವೇಷದಲ್ಲೇ ಹೂತರು ಎಂದು ಹೈನೆ ಬರೆಯುತ್ತಾನೆ. ಕೆಲವೇ ತಿಂಗಳಲ್ಲಿ ಆ ಊರಿನಲ್ಲಿ 18,000ಕ್ಕೂ ಹೆಚ್ಚು ಜನ ತೀರಿಕೊಂಡರು, ಪ್ರಧಾನಿ ಕಾಸಿಮಿರ್ ಪೆರಿಯೇ ಅವರಲ್ಲೊಬ್ಬ.

ಇಂಗ್ಲೆಂಡಿನಲ್ಲಿ ನಗೆಯ ಸ್ವರ ಬೇರೆ. ಕಾಲರಾ ಎಂಬುದೇ ಸುಳ್ಳು, ವೈದ್ಯರು ಫೀಸಿಗಾಗಿ ಕಟ್ಟಿದ ಕಥೆ ಎಂಬ ಗುಮಾನಿ ಜನರಲ್ಲಿತ್ತು. 1832ರ ಒಂದು ಕಲ್ಲಚ್ಚಿನ ಹೆಸರೇ ಸಾಕು: 'ಕಾಲರಾದಂಥ ಕೇಸುಗಳ ಬೇಟೆಗೆ ಹೊರಟ ಲಂಡನ್ ಆರೋಗ್ಯ ಮಂಡಳಿ'. ಜನ ಸಿಟ್ಟಾಗಲು ಕಾರಣವೂ ಇತ್ತು. ಬರ್ಕ್ ಮತ್ತು ಹೇರ್ ಎಂಬ ಇಬ್ಬರು ಎಡಿನ್‌ಬರೋದಲ್ಲಿ ಜನರನ್ನು ಕೊಂದು ಹೆಣಗಳನ್ನು ಅಂಗರಚನಾ ಶಾಲೆಗೆ ಮಾರಿದ್ದು 1828ರಲ್ಲಷ್ಟೇ ಬಯಲಾಗಿತ್ತು. ಕಾಲರಾ ಆಸ್ಪತ್ರೆಗೆ ಹೋದವನು ಕೊಯ್ಯುವ ಮೇಜಿಗೆ ಹೋಗುತ್ತಾನೆ ಎಂದು ಲಿವರ್‌ಪೂಲಿನಲ್ಲಿ ಗಲಭೆಗಳೇ ಆದವು.

ಆದರೆ ಈ ಕಾಲದ ಚಿತ್ರಗಳಲ್ಲಿ ನಿಜಕ್ಕೂ ಹೊಸದಾಗಿ ಬಂದ ಪಾತ್ರ ವೈದ್ಯನಲ್ಲ, ನೀರಿನ ಕಂಪನಿ. ಲಂಡನ್ನಿಗೆ ಕುಡಿಯುವ ನೀರು ಕೊಡುತ್ತಿದ್ದದ್ದು ಖಾಸಗಿ ಕಂಪನಿಗಳು. ಕೆಲವು ನೇರವಾಗಿ ಥೇಮ್ಸ್ ನದಿಯಿಂದ ಎತ್ತುತ್ತಿದ್ದವು, ಊರಿನ ಚರಂಡಿ ಸೇರುತ್ತಿದ್ದುದೂ ಅದೇ ನದಿಗೆ. 1828ರಲ್ಲೇ ವಿಲಿಯಂ ಹೀತ್ 'ರಾಕ್ಷಸ ಸಾರು, ಉರುಫ್ ಥೇಮ್ಸ್ ನೀರು' ಎಂದೊಂದು ಚಿತ್ರ ಮಾಡಿ ಲಂಡನ್ನಿನ ನೀರಿನ ಕಂಪನಿಗಳಿಗೆ ಅರ್ಪಿಸಿದ್ದ. ಗೃಹಿಣಿಯೊಬ್ಬಳು ಚಹಾ ಕುಡಿಯುವ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾಳೆ. ಹನಿಯ ತುಂಬ ಕೊಂಬು, ಕೊಂಡಿ, ಹಲ್ಲು ಬಿಟ್ಟ ಪ್ರಾಣಿಗಳ ಜಾತ್ರೆ. ಅವಳ ಕೈಯಿಂದ ಬಟ್ಟಲು ಜಾರಿದೆ.

1832ರಲ್ಲಿ ಜಾರ್ಜ್ ಕ್ರೂಕ್‌ಶ್ಯಾಂಕ್ ಇನ್ನೂ ಮುಂದೆ ಹೋಗಿ ಕಂಪನಿಯ ಹೆಸರನ್ನೇ ಹಿಡಿದ. ಐಸಾಕನ ಮಗ ಈತ. ಸೌತ್‌ವರ್ಕ್ ವಾಟರ್ ವರ್ಕ್ಸಿನ ಜಾನ್ ಎಡ್ವರ್ಡ್ಸ್ ನದಿಯ ನಡುವೆ ನೀರೆತ್ತುವ ಜಾಗದ ಮೇಲೆ ಸಮುದ್ರರಾಜನಂತೆ ಕೂತಿದ್ದಾನೆ. ಕೈಯಲ್ಲಿ ತ್ರಿಶೂಲ, ತಲೆಗೆ ಕಿರೀಟದ ಬದಲು ಮಲಮೂತ್ರದ ಪಾತ್ರೆ. ಸುತ್ತಲೂ ಚರಂಡಿಗಳು ಬಂದು ಸುರಿಯುತ್ತಿವೆ, ದಡದಲ್ಲಿ ಜನ ಶುದ್ಧ ನೀರು ಕೊಡಿ ಎಂದು ಕೂಗುತ್ತಿದ್ದಾರೆ. ಶೀರ್ಷಿಕೆ ಲ್ಯಾಟಿನ್ನಿನ ಹಳೆಯ ಮಾತು: ಪ್ರಜೆಯ ಕ್ಷೇಮವೇ ಪರಮ ಕಾನೂನು.

ಇಲ್ಲೊಂದು ವಿಚಿತ್ರ ಇದೆ, ಸ್ವಲ್ಪ ನಿಧಾನಿಸಿ ಹೇಳಬೇಕು. ನೀರಿನಿಂದ ಕಾಲರಾ ಬರುತ್ತದೆ ಎಂದು 1832ರಲ್ಲಿ ವೈದ್ಯರಿಗೆ ಗೊತ್ತಿರಲಿಲ್ಲ. ಕೊಳೆತ ವಸ್ತುವಿನಿಂದೇಳುವ ದುರ್ವಾಸನೆಯೇ ರೋಗ ಎಂಬುದು ಅಂದಿನ ವಿಜ್ಞಾನ. ಚಿತ್ರಕಾರನಿಗೂ ಅದಕ್ಕಿಂತ ಹೆಚ್ಚು ತಿಳಿದಿರಲು ಸಾಧ್ಯವಿಲ್ಲ. ಅವನಿಗಿದ್ದದ್ದು ಅಸಹ್ಯ, ಮತ್ತು ದುಡ್ಡು ಎಣಿಸುವವರ ಮೇಲಿನ ಸಿಟ್ಟು. 22 ವರ್ಷ ಕಳೆದ ಮೇಲೆ ಜಾನ್ ಸ್ನೋ ಎಂಬ ವೈದ್ಯ ದಕ್ಷಿಣ ಲಂಡನ್ನಿನ ಬೀದಿಗಳಲ್ಲಿ ಮನೆಮನೆ ಸುತ್ತಿ ಯಾರ ಮನೆಗೆ ಯಾವ ಕಂಪನಿಯ ನೀರು ಎಂದು ಲೆಕ್ಕ ತೆಗೆದ. ಅಕ್ಕಪಕ್ಕದ ಮನೆಗಳು, ಒಂದೇ ಗಾಳಿ, ಒಂದೇ ವಾಸನೆ. ಕೊಳವೆ ಮಾತ್ರ ಬೇರೆ. ನದಿಯ ಮೇಲ್ಭಾಗದ ಚೊಕ್ಕ ನೀರಿಗೆ ಬದಲಾಗಿದ್ದ ಲ್ಯಾಂಬೆತ್ ಕಂಪನಿಯ 10,000 ಮನೆಗಳಿಗೆ 37 ಸಾವು. ಊರೊಳಗಿನ ನೀರನ್ನೇ ಕೊಡುತ್ತಿದ್ದ ಸೌತ್‌ವರ್ಕ್ ಅಂಡ್ ವಾಕ್ಸಾಲ್ ಕಂಪನಿಯ 10,000 ಮನೆಗಳಿಗೆ 315. ಈ ಎರಡನೆಯದು ಕ್ರೂಕ್‌ಶ್ಯಾಂಕ್ ತಲೆಗೆ ಪಾತ್ರೆ ತೊಡಿಸಿದ್ದ ಕಂಪನಿಯೇ, 1845ರಲ್ಲಿ ಇನ್ನೊಂದರ ಜೊತೆ ವಿಲೀನವಾಗಿ ಹೆಸರು ಉದ್ದವಾಗಿತ್ತಷ್ಟೇ. ಕಾರಣ ತಿಳಿಯದೆ ಎಸೆದ ಕಲ್ಲು ಸರಿಯಾದ ಮನೆಯ ಹೆಂಚಿಗೇ ಬಿದ್ದಿತ್ತು.

ಇಷ್ಟರಲ್ಲಿ ಚಿತ್ರಗಳು ತಲುಪುವ ದಾರಿಯೂ ಬದಲಾಗಿತ್ತು, ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗದು. ಗಿಲ್‌ರೇಯ ಚಿತ್ರ ತಾಮ್ರದ ತಗಡಿನ ಮೇಲೆ ಆಮ್ಲದಿಂದ ಕೊರೆದು, ಹಾಳೆಗೊತ್ತಿ, ಒಂದೊಂದಕ್ಕೂ ಕೈಯಿಂದ ಬಣ್ಣ ಹಚ್ಚಿದ್ದು. ಕೊಳ್ಳುವವರು ಉಳ್ಳವರು, ಉಳಿದವರು ಅಂಗಡಿಯ ಕಿಟಕಿಯ ಮುಂದೆ ಗುಂಪುಗಟ್ಟಿ ಪುಕ್ಕಟೆ ನೋಡುತ್ತಿದ್ದರು. 1841ರಲ್ಲಿ ಶುರುವಾದ 'ಪಂಚ್' ವಾರಪತ್ರಿಕೆ ಮರದಚ್ಚು ಬಳಸಿತು. ಅದನ್ನು ಅಕ್ಷರದ ಮೊಳೆಗಳ ಜೊತೆಯಲ್ಲೇ ಕೂರಿಸಿ ಸಾವಿರಾರು ಪ್ರತಿ ಒತ್ತಬಹುದು. ನಾವು 'ಕಾರ್ಟೂನ್' ಎನ್ನುವ ಪದವೂ ಈ ಅರ್ಥದಲ್ಲಿ ಹುಟ್ಟಿದ್ದು ಅಲ್ಲೇ, 1843ರ ಜುಲೈಯಲ್ಲಿ. ಪಾರ್ಲಿಮೆಂಟಿನ ಹೊಸ ಕಟ್ಟಡದ ಗೋಡೆಚಿತ್ರಗಳಿಗೆ ಮಾಡಿದ ದೊಡ್ಡ ನಕ್ಷೆಗಳಿಗೆ 'ಕಾರ್ಟೂನ್' ಎನ್ನುತ್ತಿದ್ದರು. ಅವುಗಳ ಪ್ರದರ್ಶನವನ್ನು ಅಣಕಿಸಿ ಜಾನ್ ಲೀಚ್ ಬರೆದ ಚಿತ್ರಕ್ಕೆ 'ಕಾರ್ಟೂನ್ ನಂಬರ್ 1' ಎಂದು ಹೆಸರಿಟ್ಟರು. ಪದ ಅಂಟಿಕೊಂಡಿತು.

ಪತ್ರಿಕೆ ಮನೆಯೊಳಗೆ ಬರುತ್ತದೆ, ಹೆಂಡತಿ ಮಕ್ಕಳು ನೋಡುತ್ತಾರೆ. ಹಾಗಾಗಿ ಗಿಲ್‌ರೇಯ ಲಂಗದ ಕೆಳಗಿನ ಹಸು ಇನ್ನು ಸಲ್ಲದು. ಗೇಲಿ ಮರ್ಯಾದಸ್ಥವಾಯಿತು, ಆದರೆ ಪ್ರತಿ ವಾರವೂ ಬರತೊಡಗಿತು. 1848-49ರ ಕಾಲರಾದಲ್ಲಿ ಲಂಡನ್ನಿನಲ್ಲೇ ಸುಮಾರು 14,000 ಜನ ಸತ್ತಿದ್ದರು. 1852ರ ಸೆಪ್ಟೆಂಬರ್ 25ರ ಪಂಚ್‌ನಲ್ಲಿ ಲೀಚ್ ಬರೆದದ್ದು 'ಕಾಲರಾ ಮಹಾರಾಜನ ಆಸ್ಥಾನ'. ಇಂಗ್ಲಿಷಿನಲ್ಲಿ ಆಸ್ಥಾನಕ್ಕೂ ಇಕ್ಕಟ್ಟಾದ ವಠಾರಕ್ಕೂ ಒಂದೇ ಪದ. ಕಾಲರಾ ರಾಜನಾದರೆ ಅವನ ಆಸ್ಥಾನ ಈ ವಠಾರವೇ. ತಲೆಯ ಮೇಲೆ ಒಗೆದ ಬಟ್ಟೆಗಳ ಸಾಲು, ಕೆಳಗೆ ಕಿಕ್ಕಿರಿದ ಜನ, ಮುಂದೆ ತಿಪ್ಪೆ. ತಿಪ್ಪೆಯಲ್ಲಿ ಏನೋ ಹೆಕ್ಕುತ್ತಿರುವ ಮುದುಕಿ, ಸತ್ತ ಇಲಿಯನ್ನು ಆಟದ ಸಾಮಾನು ಮಾಡಿಕೊಂಡ ಮಕ್ಕಳು.

ಚಿತ್ರದಲ್ಲಿ ಕಾಲರಾ ಎಲ್ಲೂ ಕಾಣುವುದಿಲ್ಲ, ಅಸ್ಥಿಪಂಜರವೂ ಇಲ್ಲ. ಅದಕ್ಕೇ ಅದು ಗಟ್ಟಿ ಚಿತ್ರ. ಆದರೆ ನನಗೆ ಅದರಲ್ಲೊಂದು ಕಿರಿಕಿರಿಯೂ ಇದೆ. ವಸತಿಗೃಹದ ಬೋರ್ಡಿನ ಕಾಗುಣಿತ ಬೇಕೆಂದೇ ತಪ್ಪಾಗಿದೆ, ಐರಿಷ್ ಬಡವರ ಉಚ್ಚಾರಣೆಯನ್ನು ಅಣಕಿಸಲಿಕ್ಕೆ. ಕ್ಷಾಮದಿಂದ ಓಡಿಬಂದು ಸಿಕ್ಕಿದ ಮೂಲೆಯಲ್ಲಿ ಬದುಕುತ್ತಿದ್ದವರು ಅವರು. ಕ್ರೂಕ್‌ಶ್ಯಾಂಕ್ ನೀರು ಮಾರುವವನನ್ನು ಕೂರಿಸಿದ ಸಿಂಹಾಸನದ ಮೇಲೆ ಲೀಚ್ ಆ ನೀರು ಕುಡಿಯುವವರನ್ನು ಕೂರಿಸಿಬಿಟ್ಟ. ಪಂಚ್ ಕೊಂಡು ಓದುತ್ತಿದ್ದವರು ಆ ವಠಾರದಲ್ಲಿ ವಾಸವಿರಲಿಲ್ಲ ಎನ್ನುವುದನ್ನೂ ಸೇರಿಸಿ ಈ ಚಿತ್ರ ನೋಡಬೇಕು.

ಲೀಚ್‌ಗೆ ನ್ಯಾಯವಾಗಿ ಹೇಳುವುದಾದರೆ, ಮುಂದೆ ಪಂಚ್‌ನ ಚಿತ್ರಗಳ ಗುರಿ ಬದಲಾಯಿತು. ಮನೆಗಳ ಮಲಗುಂಡಿಗಳನ್ನು ಮುಚ್ಚಿಸಿ ಎಲ್ಲವನ್ನೂ ಚರಂಡಿಗೆ ಬಿಡಿಸಿದ್ದರಿಂದ ಥೇಮ್ಸ್ ಮತ್ತಷ್ಟು ಕೆಟ್ಟಿತ್ತು. ವಾಸನೆ ಹೋದರೆ ರೋಗ ಹೋಯಿತು ಎಂದುಕೊಂಡವರು ರೋಗವನ್ನು ಕುಡಿಯುವ ನೀರಿಗೇ ಸಾಗಿಸಿದ್ದರು. 1855ರ ಜುಲೈಯಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೇ ದೋಣಿಯಲ್ಲಿ ಹೋಗುತ್ತ ಬಿಳಿ ಕಾಗದದ ಚೂರುಗಳನ್ನು ನೀರಿಗೆ ಬಿಟ್ಟು ನೋಡಿದ. ಒಂದು ಅಂಗುಲ ಮುಳುಗುವ ಮೊದಲೇ ಕಾಣದಾದವು ಎಂದು 'ಟೈಮ್ಸ್' ಪತ್ರಿಕೆಗೆ ಕಾಗದ ಬರೆದ. ಪಂಚ್ ತಕ್ಷಣ ಹಿಡಿಯಿತು: ಫ್ಯಾರಡೇ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು, ಕೆಸರಿನಿಂದೆದ್ದ ಥೇಮ್ಸ್ ತಾತನಿಗೆ ಇನ್ನೊಂದು ಕೈಯಲ್ಲಿ ತನ್ನ ವಿಸಿಟಿಂಗ್ ಕಾರ್ಡ್ ಕೊಡುತ್ತಿದ್ದಾನೆ.

1858ರ ಬೇಸಿಗೆಯಲ್ಲಿ ನದಿ ನಾರಿದ ನಾತಕ್ಕೆ ದಡದಲ್ಲಿದ್ದ ಪಾರ್ಲಿಮೆಂಟಿನವರೇ ಸುಣ್ಣದ ಕ್ಲೋರೈಡಿನಲ್ಲಿ ನೆನೆಸಿದ ಪರದೆಗಳನ್ನು ಕಟ್ಟಿಕೊಳ್ಳಬೇಕಾಯಿತು. ಪಂಚ್‌ನ ಜುಲೈ 3ರ ಸಂಚಿಕೆಯಲ್ಲಿ ಥೇಮ್ಸ್ ತಾತ ತನ್ನ ಮಕ್ಕಳನ್ನು ರಾಣಿಯ ರೂಪದಲ್ಲಿ ನಿಂತ ಲಂಡನ್ ನಗರಕ್ಕೆ ಪರಿಚಯಿಸುತ್ತಿದ್ದಾನೆ: ಗಂಟಲಮಾರಿ, ಗಂಡಮಾಲೆ, ಕಾಲರಾ. ಮುಂದಿನ ವಾರ ಸಾವು ಒಬ್ಬಂಟಿಯಾಗಿ ದೋಣಿ ಹುಟ್ಟು ಹಾಕುತ್ತಿದೆ, ನೀರಲ್ಲಿ ಸತ್ತ ಪ್ರಾಣಿಗಳು ತೇಲುತ್ತಿವೆ. ಕೆಳಗೆ ಬರೆದದ್ದು ಇಂಗ್ಲೆಂಡಿನ ದಾರಿಗಳ್ಳರ ಮಾಮೂಲಿ ಗದರಿಕೆ: 'ದುಡ್ಡು ಕೊಡ್ತೀಯೋ, ಪ್ರಾಣ ಕೊಡ್ತೀಯೋ?' ಒಳಚರಂಡಿಗೆ ತಗಲುವ ಖರ್ಚು ಯಾರು ಕೊಡಬೇಕೆಂದು ವರ್ಷಗಟ್ಟಲೆ ಜಗ್ಗಾಡುತ್ತಿದ್ದ ಊರಿಗೆ ಆ ಸಾಲು ಹೇಗೆ ತಾಕಿರಬೇಕು! ಹದಿನೆಂಟು ದಿನದಲ್ಲಿ ಕಾಯ್ದೆ ಪಾಸಾಯಿತು, ಎಂಜಿನಿಯರ್ ಜೋಸೆಫ್ ಬ್ಯಾಜಲ್ಗೆಟ್ ಒಳಚರಂಡಿ ಕಟ್ಟಲು ಹೊರಟ. ಕಾರ್ಟೂನಿನಿಂದಲೇ ಆಯಿತು ಎಂದರೆ ಉತ್ಪ್ರೇಕ್ಷೆ. ಮಂತ್ರಿಗಳ ಮೂಗಿಗೆ ಬಡಿದ ನಾತದ್ದೇ ದೊಡ್ಡ ಪಾಲು. ನಾತವೇ ರೋಗ ಎಂಬ ತಪ್ಪು ತಿಳಿವಳಿಕೆಯಲ್ಲಿ ಕಟ್ಟಿದ ಚರಂಡಿ ನೀರನ್ನು ಶುದ್ಧ ಮಾಡಿ ಕಾಲರಾವನ್ನು ಓಡಿಸಿತು. ಅದು ಇನ್ನೂ ಪೂರ್ತಿಯಾಗದ ಪೂರ್ವ ಲಂಡನ್ನಿನಲ್ಲಿ ಮಾತ್ರ 1866ರಲ್ಲಿ ಕೊನೆಯ ಸಲ ರೋಗ ಬಂತು. ಆಗ 'ಫನ್' ಎಂಬ ಪತ್ರಿಕೆಗೆ ಜಾರ್ಜ್ ಪಿನ್‌ವೆಲ್ ಬರೆದ ಚಿತ್ರದಲ್ಲಿ ಕಿರೀಟ ತೊಟ್ಟ ಅಸ್ಥಿಪಂಜರ ಬೀದಿಯ ಪಂಪು ಒತ್ತುತ್ತಿದೆ, ಬಡವರ ಮಕ್ಕಳು ಪಾತ್ರೆ ಹಿಡಿದು ನಿಂತಿದ್ದಾರೆ. ಹೆಸರು 'ಸಾವಿನ ಔಷಧಾಲಯ: ಬಡವರಿಗೆ ಉಚಿತ'. ಈಗ ಚಿತ್ರಕಾರನಿಗೂ ಗೊತ್ತು, ಸಾವು ಬರುವುದು ನೀರಿನಲ್ಲಿ.

ಫ್ಲೂ ಬಂದಾಗ ಸ್ವರ ಮತ್ತೆ ಹಗುರಾಯಿತು. 1889ರ ಕೊನೆಗೆ ರಷ್ಯಾದಿಂದ ರೈಲಿನ ವೇಗದಲ್ಲಿ ಹರಡಿದ ಇನ್‌ಫ್ಲುಯೆಂಜಾಗೆ ಪ್ಯಾರಿಸ್ಸಿನ 'ಲ ಗ್ರೆಲೋ' ಪತ್ರಿಕೆ 1890ರ ಜನವರಿ 12ರಂದು ಹಾಕಿದ ಚಿತ್ರದ ಶೀರ್ಷಿಕೆ 'ಎಲ್ಲರಿಗೂ ಬಂದಿದೆ ಇನ್‌ಫ್ಲುಯೆಂಜಾ'. ರೋಗಿಯೊಬ್ಬನನ್ನು ಸೇರಿಸಿಕೊಂಡು ವೈದ್ಯರೂ ಔಷಧದಂಗಡಿಯವರೂ ಕೈಕೈ ಹಿಡಿದು ಕುಣಿಯುತ್ತಿದ್ದಾರೆ. ಹೋಲ್ಬೈನನ ಸಾವಿನ ಕುಣಿತವೇ, ಆದರೆ ಈಗ ಕುಣಿಸುತ್ತಿರುವುದು ಗಿರಾಕಿ ಸಿಕ್ಕ ಸಂಭ್ರಮ.

ಇನ್ನೊಂದು ನಗೆ 1918ರ ಬೇಸಿಗೆಯ ಮ್ಯಾಡ್ರಿಡ್ಡಿನದು. ಆ ವರ್ಷ ಅಲ್ಲಿನ ರಂಗಮಂದಿರದಲ್ಲಿ ಒಂದು ಸಂಗೀತ ನಾಟಕ ಓಡುತ್ತಿತ್ತು, ಅದರೊಳಗಿನ ನೇಪಲ್ಸಿನ ಸೈನಿಕನ ಹಾಡು ಊರವರ ಬಾಯಲ್ಲೆಲ್ಲ. ಅಷ್ಟರಲ್ಲಿ ಫ್ಲೂ ಬಂತು, ರಾಜ ಹದಿಮೂರನೇ ಅಲ್ಫೋನ್ಸೊ ಕೂಡ ಮಲಗಿದ. ರೋಗವೂ ಆ ಹಾಡಿನಂತೆಯೇ ಬೇಗ ಅಂಟಿಕೊಳ್ಳುತ್ತದೆ ಎಂದು ಮ್ಯಾಡ್ರಿಡ್ಡಿನವರು ಅದಕ್ಕೆ 'ನೇಪಲ್ಸಿನ ಸೈನಿಕ' ಎಂದೇ ಹೆಸರಿಟ್ಟರು. ಯುದ್ಧದಲ್ಲಿದ್ದ ದೇಶಗಳು ತಮ್ಮ ಸೈನಿಕರ ಕಾಯಿಲೆಯ ಸುದ್ದಿಯನ್ನು ಪತ್ರಿಕೆಗಳಿಗೆ ಬಿಟ್ಟುಕೊಡುತ್ತಿರಲಿಲ್ಲ. ಸ್ಪೇನ್ ಯುದ್ಧದಲ್ಲಿರಲಿಲ್ಲ, ಅದರ ಪತ್ರಿಕೆಗಳು ಇದ್ದದ್ದನ್ನು ಬರೆದವು. ಹಾಗಾಗಿ ಮ್ಯಾಡ್ರಿಡ್ಡಿನವರು ತಮಾಷೆಗೆ ನೇಪಲ್ಸಿನ ತಲೆಗೆ ಕಟ್ಟಿದ್ದ ರೋಗವನ್ನು ಉಳಿದ ಜಗತ್ತು ಗಂಭೀರವಾಗಿಯೇ ಸ್ಪೇನಿನ ತಲೆಗೆ ಕಟ್ಟಿತು. ಇವತ್ತಿಗೂ ಅದು ಸ್ಪ್ಯಾನಿಷ್ ಫ್ಲೂ.